ಮೊಂಡು ಮೂತಿಯ ಓಟ

ಪುಣೆಯ ಸದಾಶಿವ ಪೇಠದ ಮೇಲೆ ಮರಾಠಿಗರು ಕಟ್ಟಿರುವ ನಗೆಮಾತುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಬಹಳಷ್ಟು ಮಧ್ಯಾಹ್ನದ ನಿದ್ದೆಯ ಸುತ್ತ ಹುಟ್ಟಿದವು. ಒಂದರಿಂದ ನಾಲ್ಕರವರೆಗೆ ಕರೆಗಂಟೆ ಒತ್ತಬೇಡಿ, ಅಂಗಡಿ ಮುಚ್ಚಿದೆ, ವಿಳಾಸ ಕೇಳಲು ಎಬ್ಬಿಸಬೇಡಿ ಎಂದು ಬಾಗಿಲ ಮೇಲೆ ತೂಗುವ ಬರಹಗಳಿಗೆ ‘ಪುಣೇರಿ ಪಾಟಿ’ ಎಂಬ ಹೆಸರೇ ನಿಂತುಬಿಟ್ಟಿದೆ. ಉತ್ತರ ಕರ್ನಾಟಕದ ಮಕ್ಕಳು ಸ್ಲೇಟಿಗೆ ಪಾಟಿ ಎನ್ನುತ್ತಾರಲ್ಲ, ಅದೇ ಶಬ್ದ. ನಗೆಯನ್ನು ಬದಿಗಿಟ್ಟು ನೋಡಿದರೆ ಆ ಫಲಕಗಳಲ್ಲಿ ದಖ್ಖನಿನ ಹಳೆಯ ತಿಳಿವಳಿಕೆಯೊಂದು ಕಾಣುತ್ತದೆ. ಬೇಸಿಗೆಯ ನಡುಹಗಲು ಮೈ ದಣಿಸುವ ಹೊತ್ತಲ್ಲ. ಈ ತಿಳಿವಳಿಕೆ ಇಂದು ಪೇಠದ ಮನುಷ್ಯರಿಗಿಂತ ಹೆಚ್ಚಾಗಿ ಅಲ್ಲಿನ ಫ್ಲ್ಯಾಟುಗಳಲ್ಲಿ ಬಾಳುವ ಒಂದು ಬಗೆಯ ನಾಯಿಗಳಿಗೆ ಬೇಕಾಗಿದೆ: ಬಾಕ್ಸರ್, ಪಗ್, ಫ್ರೆಂಚ್ ಬುಲ್‌ಡಾಗ್‌ನಂಥ ಮೊಂಡು ಮೂತಿಯ ನಾಯಿಗಳಿಗೆ.

ಇವುಗಳಲ್ಲಿ ಬಾಕ್ಸರ್‌ನ ಪಾಡು ಎಲ್ಲಕ್ಕಿಂತ ಇಕ್ಕಟ್ಟಿನದು. ಪಗ್ ಹೇಗೋ ಸೋಫಾದ ಮೇಲೆ ದಿನ ಕಳೆದೀತು. ಬಾಕ್ಸರ್ ಹಾಗಲ್ಲ. ಅಗಲ ಎದೆ, ಬಿಗಿದ ತೊಡೆ, ಎಷ್ಟು ವಯಸ್ಸಾದರೂ ಮರಿಯಂತೆ ಕುಣಿಯುವ ಸ್ವಭಾವ. ಅದಕ್ಕೆ ಓಟ ಬೇಕೇ ಬೇಕು. ಓಡಿಸದೆ ಕಟ್ಟಿಹಾಕಿದರೆ ಬೊಜ್ಜು ಬೆಳೆದು ಉಸಿರಾಟ ಇನ್ನಷ್ಟು ಕೆಡುತ್ತದೆ. ಅಳತೆ ತಪ್ಪಿ ಓಡಿಸಿದರೆ ಪ್ರಾಣಕ್ಕೇ ಕುತ್ತು. ಓಟಗಾರನ ಮೈಗೆ ಓಟಗಾರನದಲ್ಲದ ಮೂಗನ್ನು ಅಂಟಿಸಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಇತಿಹಾಸದಲ್ಲಿದೆ. ಆ ಇತಿಹಾಸ ತಿಳಿದರೆ ಬೆಳಗಿನ ವಾಕಿಂಗ್‌ನಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಲಾವಂಚದ ತಟ್ಟಿ

ಮನುಷ್ಯ ಮೈತುಂಬ ಬೆವರಿ ತಣ್ಣಗಾಗುತ್ತಾನೆ. ನಾಯಿಗೆ ಹೇಳಿಕೊಳ್ಳುವಂಥ ಬೆವರು ಬರುವುದು ಅಂಗಾಲಿನಲ್ಲಿ ಮಾತ್ರ. ಅಷ್ಟರಿಂದ ದೇಹದ ಕಾವು ಇಳಿಯದು. ಅದರ ಆಸರೆಯೆಲ್ಲ ತೇಕುವುದರಲ್ಲಿದೆ. ನಾಯಿ ನಾಲಗೆ ಚಾಚಿ ತೇಕುವಾಗ ಕೆಲಸ ಮಾಡುತ್ತಿರುವುದು ನಾಲಗೆ ಎಂದೇ ಎಲ್ಲರೂ ತಿಳಿದಿದ್ದರು. 1970ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಕ್ನುಟ್ ಶ್ಮಿಟ್-ನೀಲ್ಸನ್ ಮತ್ತು ಸಂಗಡಿಗರು ತೇಕುವ ನಾಯಿಯ ಉಸಿರಿನ ದಾರಿಯನ್ನು ಅಳೆದು ಬೇರೆಯದೇ ಚಿತ್ರ ಕೊಟ್ಟರು. ಗಾಳಿ ಮುಖ್ಯವಾಗಿ ಮೂಗಿನಿಂದ ಒಳಗೆ ಹೋಗುತ್ತದೆ, ಬಾಯಿಯಿಂದ ಹೊರಗೆ ಬರುತ್ತದೆ. ಮೂಗಿನಲ್ಲಿ ಬಿಟ್ಟುಕೊಟ್ಟ ಕಾವು ಮರಳಿ ಮೂಗಿಗೇ ಬರದಂತೆ ಇದೊಂದು ಒಮ್ಮುಖ ರಸ್ತೆ. ಎರಡು ವರ್ಷಗಳ ಬಳಿಕ, 1972ರಲ್ಲಿ, ಇನ್ನೊಂದು ಸಂಶೋಧನೆ ಈ ವ್ಯವಸ್ಥೆಗೆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ತೋರಿಸಿತು. ಮೂಗಿನ ಒಳಪಕ್ಕದ ಗ್ರಂಥಿಯೊಂದು ಸೆಕೆ ಏರಿದಂತೆ ಹೆಚ್ಚು ಹೆಚ್ಚು ನೀರು ಒಸರುತ್ತದೆ.

ಇದನ್ನು ಅರಿಯಲು ಲಾವಂಚದ ತಟ್ಟಿಯನ್ನು ನೆನೆದರೆ ಸಾಕು. ಬೇಸಿಗೆಯಲ್ಲಿ ಕಿಟಕಿಗೆ ಲಾವಂಚದ ಬೇರಿನ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಾರೆ. ಅದರ ಮೂಲಕ ಹಾದುಬಂದ ಬಿಸಿಗಾಳಿ ತಂಪಾಗಿ ಒಳಗೆ ಬರುತ್ತದೆ. ನಾಯಿಯ ಮೂಗಿನೊಳಗೆ ಸುರುಳಿ ಸುರುಳಿಯಾದ ತೆಳು ಎಲುಬುಗಳಿವೆ. ಅವುಗಳ ಮೇಲಿನ ಒದ್ದೆ ಪೊರೆಯೇ ಈ ತಟ್ಟಿ. ಉದ್ದ ಮೂತಿಯ ನಾಯಿಯಲ್ಲಿ ತಟ್ಟಿ ದೊಡ್ಡದು. ಮೂತಿ ಮೊಟಕಾದಷ್ಟೂ ಅದು ಕಿರಿದಾಗುತ್ತದೆ.

ತೊಂದರೆ ಅಲ್ಲಿಗೇ ಮುಗಿಯುವುದಿಲ್ಲ. ಸದಾಶಿವ ಪೇಠದ ಹಳೆಯ ವಾಡೆಯೊಂದನ್ನು ಕೆಡವಿ ಅದೇ ಜಾಗದಲ್ಲಿ ಎರಡು ಕೋಣೆಯ ಫ್ಲ್ಯಾಟಿಗೆ ಬಂದ ಕುಟುಂಬ ಮಂಚ, ಕಪಾಟು, ಕಡಾಯಿಗಳನ್ನೆಲ್ಲ ಜೊತೆಗೆ ತಂದರೆ ಓಡಾಡಲು ಜಾಗ ಎಲ್ಲಿ ಉಳಿಯುತ್ತದೆ? ಮೊಂಡು ಮೂತಿಯ ನಾಯಿಯ ತಲೆಬುರುಡೆಯಲ್ಲಿ ಆದದ್ದೂ ಇದೇ. ಎಲುಬು ಚಿಕ್ಕದಾಯಿತು, ಒಳಗಿನ ಮಾಂಸ ಆ ಅಳತೆಗೆ ಇಳಿಯಲಿಲ್ಲ. ಮೂಗಿನ ಹೊಳ್ಳೆ ಸೀಳಿನಷ್ಟು ಸಣ್ಣಗಾಯಿತು. ಉದ್ದ ಉಳಿದ ಮೃದು ಅಂಗಳ ಗಂಟಲಿಗೆ ಅಡ್ಡಬಂತು. ಅನೇಕರು ಮುದ್ದೆಂದು ನಗುವ ಆ ಗೊರಕೆ ಗಾಳಿಗೆ ದಾರಿ ಸಾಲದ ಸದ್ದು. ಜೋರಾಗಿ ಉಸಿರೆಳೆದಷ್ಟೂ ಗಂಟಲೊಳಗಿನ ಪೊರೆ ಬಾತುಕೊಂಡು ದಾರಿ ಇನ್ನೂ ಕಿರಿದಾಗುತ್ತದೆ. ತಂಪಾಗಲೆಂದು ತೇಕುವ ಕೆಲಸವೇ ಮೈಗೆ ಕಾವು ಏರಿಸತೊಡಗುತ್ತದೆ. ನಾಯಿಯ ಸಹಜ ತಾಪ 38ರಿಂದ 39 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಅದು 41 ದಾಟಿದರೆ ಮೂತ್ರಪಿಂಡ, ಕರುಳು, ಮಿದುಳು ಒಂದೊಂದಾಗಿ ಅಪಾಯಕ್ಕೆ ಸಿಲುಕುತ್ತವೆ.

ಮೂತಿ ಮೊಟಕಾದ ಬಗೆ

ಚಪ್ಪಟೆ ಮುಖದ ನಾಯಿಯ ಮೇಲಿನ ಮೋಹ ಹೊಸದಲ್ಲ. ಚೀನಾದ ಅರಮನೆಗಳಲ್ಲಿ ಅಂಥ ಪುಟ್ಟ ನಾಯಿಗಳು ಶತಮಾನಗಳ ಕಾಲ ಮಡಿಲ ಸಂಗಾತಿಗಳಾಗಿದ್ದವು. 16ನೇ ಶತಮಾನದ ಹೊತ್ತಿಗೆ ಪಗ್ ಯುರೋಪಿಗೆ ಬಂತು, ಡಚ್ಚರ ಮನೆಗಳಲ್ಲಿ ಪ್ರೀತಿಯ ನಾಯಿಯಾಯಿತು. ಆದರೆ ಆಗಿನ ಪಗ್ ಇಂದಿನದಲ್ಲ. ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೋಗಾರ್ತ್ 1745ರಲ್ಲಿ ತನ್ನ ನಾಯಿ ಟ್ರಂಪ್‌ನನ್ನು ಪಕ್ಕದಲ್ಲಿಟ್ಟು ಬರೆದ ಆತ್ಮಚಿತ್ರ ಲಂಡನ್ನಿನ ಟೇಟ್ ಸಂಗ್ರಹಾಲಯದಲ್ಲಿದೆ. ಆ ಪಗ್‌ಗೆ ಎದ್ದು ಕಾಣುವ ಮೂತಿ ಇದೆ. ಇಂದಿನ ಪಗ್‌ನ ಮುಖವನ್ನು ಅದರ ಪಕ್ಕ ಇಟ್ಟರೆ ನಡುವಿನ ಇನ್ನೂರೆಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಕಳೆದುಹೋದದ್ದು ಏನೆಂದು ವಿವರಿಸಬೇಕಿಲ್ಲ.

ಬಾಕ್ಸರ್‌ನ ಹಿರಿಯರ ಕಥೆ ಬೇರೆ. ಜರ್ಮನ್ ನಾಡುಗಳ ದೊರೆಗಳ ಬೇಟೆಯಲ್ಲಿ ಬುಲೆನ್‌ಬೈಸರ್ ಎಂಬ ನಾಯಿಗಳಿದ್ದವು. ಹೆಸರಿನ ಅರ್ಥ ‘ಗೂಳಿ ಕಚ್ಚುವುದು’. ಕಾಡುಹಂದಿಯನ್ನೋ ಕರಡಿಯನ್ನೋ ಕಚ್ಚಿಹಿಡಿದು, ಬೇಟೆಗಾರ ಬರುವವರೆಗೆ ಬಿಡದಿರುವುದು ಅವುಗಳ ಕಸುಬು. ಅಗಲ ದವಡೆ, ಮುಂಚಾಚಿದ ಕೆಳದವಡೆ ಆ ಕಸುಬಿಗೆ ಒದಗಿದವು. ಇಂಗ್ಲೆಂಡಿನಲ್ಲಿ ಅದೇ ಬಗೆಯ ಕೆಲಸಕ್ಕೆ ಬುಲ್‌ಡಾಗ್ ಇತ್ತು. ಅಲ್ಲಿ ಅದು ಬೇಟೆಗಿಂತ ಹೆಚ್ಚಾಗಿ ಕಟ್ಟಿಹಾಕಿದ ಗೂಳಿಯ ಮೇಲೆ ನಾಯಿ ಬಿಟ್ಟು ಜನ ನೋಡುವ ಕ್ರೂರ ಮೋಜಾಗಿತ್ತು. 1835ರ ಕಾನೂನು ಆ ಮೋಜನ್ನು ನಿಷೇಧಿಸಿತು.

ಇಲ್ಲಿಂದ ಕಥೆ ತಿರುವು ಪಡೆಯುತ್ತದೆ. ಕಸುಬು ಹೋದ ಮೇಲೆ ನಾಯಿ ಪ್ರದರ್ಶನದ ಅಂಗಳಕ್ಕೆ ಬಂತು. 1873ರಲ್ಲಿ ಲಂಡನ್ನಿನಲ್ಲಿ ಕೆನೆಲ್ ಕ್ಲಬ್ ಸ್ಥಾಪನೆಯಾಯಿತು. ತಳಿಗೊಂದು ಲಿಖಿತ ಮಾನದಂಡ, ಮಾನದಂಡಕ್ಕೆ ತಕ್ಕಂತೆ ಬಹುಮಾನ ಎಂಬ ಪದ್ಧತಿ ಬೇರೂರಿತು. ಗೂಳಿಯನ್ನೋ ಹಂದಿಯನ್ನೋ ಎದುರಿಸುವ ನಾಯಿಗೆ ಉಸಿರು ಸಾಲದಿದ್ದರೆ ಅದು ಅಲ್ಲೇ ಸೋಲುತ್ತಿತ್ತು; ಅಂಥ ಮೂತಿ ಮುಂದಿನ ಪೀಳಿಗೆಗೆ ದಾಟುವ ಸಂಭವ ಕಡಿಮೆ. ಪ್ರದರ್ಶನದ ಕಟಕಟೆಯಲ್ಲಿ ನಿಂತ ನಾಯಿಯ ಉಸಿರನ್ನು ಕೇಳುವವರಿರಲಿಲ್ಲ, ಮುಖವನ್ನು ನೋಡುವವರಿದ್ದರು. ಮ್ಯೂನಿಕ್‌ನಲ್ಲಿ 1895ರಲ್ಲಿ ಬಾಕ್ಸರ್ ಕ್ಲಬ್ ಹುಟ್ಟಿದ್ದು ಈ ಗಾಳಿಯಲ್ಲೇ. ಬುಲೆನ್‌ಬೈಸರ್‌ಗೆ ಇಂಗ್ಲಿಷ್ ಬುಲ್‌ಡಾಗ್ ಬೆರೆತು ಬಾಕ್ಸರ್ ತಳಿ ರೂಪುಗೊಂಡಿತು. ಜರ್ಮನರು ಅದನ್ನು ಕೆಲಸದ ನಾಯಿಯಾಗಿಯೇ ಉಳಿಸಿಕೊಳ್ಳಲು ಯತ್ನಿಸಿದರು. ಪೊಲೀಸರ ಜೊತೆ, ಮೊದಲ ಮಹಾಯುದ್ಧದಲ್ಲಿ ಸೈನಿಕರ ಜೊತೆ ಅದು ದುಡಿಯಿತು. ಅಂತಾರಾಷ್ಟ್ರೀಯ ಮಾನದಂಡದಲ್ಲಿ ಇಂದಿಗೂ ಬಾಕ್ಸರ್‌ನ ಮೂತಿಗೂ ತಲೆಬುರುಡೆಗೂ 1:2 ಅನುಪಾತ ಇರಬೇಕೆಂದಿದೆ. ಪಗ್‌ಗೆ ಹೋಲಿಸಿದರೆ ಇದು ಉದಾರವೇ. ಓಡುವ ನಾಯಿಗೆ ಹೋಲಿಸಿದರೆ ಅಲ್ಲ.

ಕಾಳಿ ಮತ್ತು ಮುಧೋಳ

ಕನ್ನಡ ನಾಡು ತನ್ನ ನಾಯಿಗಳನ್ನು ಕಂಡದ್ದು ಕಸುಬಿನ ಕಣ್ಣಿನಿಂದ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ 949–50ರ ವೀರಗಲ್ಲು ಅದಕ್ಕೆ ಸಾಕ್ಷಿ. ತಕ್ಕೋಲದ ಕಾಳಗದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗ ದೊರೆ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕೆಲಲೆ ನಾಡಿನ ಬೆಳ್ತೂರ ಬಳಿಯ ಗುಡ್ಡದಲ್ಲಿ ಆ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು. ಕಾಳಿಗಾಗಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಶಾಸನದಲ್ಲಿ ಹೊಗಳಿಕೆಯಾಗಿ ನಿಂತಿರುವ ಈ ಗುಣವನ್ನು ನಾಯಿ ಸಾಕುವವರು ಎಚ್ಚರಿಕೆಯಾಗಿಯೂ ಓದಬಹುದು: ನಾಯಿ ತಾನಾಗಿ ನಿಲ್ಲುವುದಿಲ್ಲ. ಎದುರಿಗೆ ಹಂದಿಯೇ ಇರಲಿ, ಎಸೆದ ರಬ್ಬರ್ ಚೆಂಡೇ ಇರಲಿ, ಅದನ್ನು ಬಿಟ್ಟವರಿಗಾಗಿ ಉಸಿರು ನಿಲ್ಲುವವರೆಗೆ ಹೋಗುತ್ತದೆ.

ಸದಾಶಿವ ಪೇಠದಿಂದ ಕನ್ನಡದ ಇನ್ನೊಂದು ನಾಯಿಯ ಕಡೆಗೂ ಒಂದು ದಾರಿಯಿದೆ. ತಿಳಕ್ ರಸ್ತೆಯ ಎಸ್.ಪಿ. ಕಾಲೇಜಿನ ಹೆಸರಿನಲ್ಲಿರುವ ಸರ್ ಪರಶುರಾಮಭಾವು ಜಮಖಂಡಿ ಸಂಸ್ಥಾನದ ಪಟವರ್ಧನ ಅರಸ. ಜಮಖಂಡಿಯ ನೆರೆಯಲ್ಲೇ ಘೋರ್ಪಡೆಯವರ ಮುಧೋಳ ಸಂಸ್ಥಾನ. ಎರಡೂ ಇಂದು ಬಾಗಲಕೋಟೆ ಜಿಲ್ಲೆಯಲ್ಲಿವೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಬೇಟೆನಾಯಿಯ ತಳಿಯನ್ನು ಕಾಪಾಡಿ ಬೆಳೆಸಿ, ಒಂದು ಜೋಡಿಯನ್ನು ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರದ ಚೀಟಿ ಹೊರಡಿಸಿತು. ಮುಧೋಳ ನಾಯಿಯನ್ನು ಪಕ್ಕದಿಂದ ನೋಡಿ: ಉದ್ದ ಕಿರಿದಾದ ಮೂತಿ, ಆಳವಾದ ಎದೆ, ಒಳಸೇದಿದ ಹೊಟ್ಟೆ, ತೆಳು ಕೂದಲು. ಬಿಸಿಲು ನಾಡಿನಲ್ಲಿ ಓಡಲು ಬೇಕಾದ ಮೈ ಅದು. ಅದಕ್ಕೂ ಮೇ ತಿಂಗಳ ನಡುಹಗಲು ಒಳ್ಳೆಯದಲ್ಲ. ಹಾಗಿದ್ದ ಮೇಲೆ ಮೂತಿಯೇ ಇಲ್ಲದ ನಾಯಿಯ ಗತಿ ಏನೆಂದು ಊಹಿಸಬಹುದು.

ಹುಡುಗನ ಹಿಂದೆ ನಡೆದ ಪಗ್

ಮೊಂಡು ಮೂತಿ ಭಾರತದ ಮಧ್ಯಮವರ್ಗದ ಮನೆಮಾತಾದದ್ದು 2003ರಲ್ಲಿ. ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನೊಬ್ಬ ಎಲ್ಲಿ ಹೋದರೂ ಒಂದು ಪಗ್ ಅವನನ್ನು ಹಿಂಬಾಲಿಸುತ್ತಿತ್ತು. ನಿರ್ದೇಶಿಸಿದವರು ಬೆಂಗಳೂರಿನ ನಿರ್ವಾಣ ಫಿಲ್ಮ್ಸ್‌ನ ಪ್ರಕಾಶ್ ವರ್ಮಾ. ಕಂಪನಿಯ ಹೆಸರು ಮುಂದೆ ವೊಡಾಫೋನ್ ಎಂದು ಬದಲಾದರೂ ಜನರ ಬಾಯಲ್ಲಿ ನಾಯಿ ‘ಹಚ್ ನಾಯಿ’ಯಾಗಿಯೇ ಉಳಿಯಿತು. ಪಗ್ ಮರಿಗಳಿಗೆ ಬೇಡಿಕೆ ಜಿಗಿಯಿತು. ಆ ಬಳಿಕದ ವರ್ಷಗಳಲ್ಲಿ ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್‌ಗಳೂ ನಗರಗಳಲ್ಲಿ ಸಾಮಾನ್ಯವಾದವು. ವಿಪರ್ಯಾಸವೆಂದರೆ ಆ ಜಾಹೀರಾತು ತೋರಿಸಿದ್ದು ಆ ತಳಿಗೆ ಎಲ್ಲಕ್ಕಿಂತ ಕಷ್ಟದ ಕೆಲಸವನ್ನು: ದಿನವಿಡೀ, ಎಲ್ಲ ಹೊತ್ತಿನಲ್ಲೂ, ಮನುಷ್ಯ ಹೋದಲ್ಲೆಲ್ಲ ಅವನ ಹಿಂದೆ ನಡೆಯುವುದು.

ತಣ್ಣನೆಯ ದೇಶದಲ್ಲೇ ಇದರ ಬೆಲೆ ಎಷ್ಟೆಂದು 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿತು. ಒಂಬತ್ತು ಲಕ್ಷಕ್ಕೂ ಹೆಚ್ಚು ನಾಯಿಗಳ 2016ರ ಚಿಕಿತ್ಸಾ ದಾಖಲೆಗಳನ್ನು ಎಮಿಲಿ ಹಾಲ್ ಮತ್ತು ಸಂಗಡಿಗರು ಶೋಧಿಸಿದರು. ಲ್ಯಾಬ್ರಡಾರ್‌ಗೆ ಹೋಲಿಸಿದರೆ ತಾಪಾಘಾತದ ಸಂಭವ ಬುಲ್‌ಡಾಗ್‌ಗೆ ಸುಮಾರು 14 ಪಟ್ಟು, ಫ್ರೆಂಚ್ ಬುಲ್‌ಡಾಗ್‌ಗೆ ಸುಮಾರು 6 ಪಟ್ಟು ಹೆಚ್ಚಿತ್ತು. ಅದೇ ತಂಡದ ಇನ್ನೊಂದು ಅಧ್ಯಯನದಲ್ಲಿ ಕಂಡ ಸಂಗತಿ ನಾಯಿ ಸಾಕುವ ಎಲ್ಲರೂ ನೆನಪಿಡಬೇಕಾದದ್ದು. ಮುಚ್ಚಿದ ಕಾರಿನಲ್ಲಿ ಬಿಟ್ಟ ನಾಯಿಗಳದೇ ದೊಡ್ಡ ಸುದ್ದಿಯಾಗುತ್ತದೆ. ಆದರೆ ತಾಪಾಘಾತದ ಸುಮಾರು ಮುಕ್ಕಾಲು ಪಾಲು ಪ್ರಕರಣಗಳಿಗೆ ಕಾರಣ ವ್ಯಾಯಾಮ. ಅಂದರೆ ನಿರ್ಲಕ್ಷ್ಯ ಮಾಡುವವರಷ್ಟೇ ಅಲ್ಲ, ಪ್ರೀತಿಯಿಂದ ವಾಕಿಂಗ್‌ಗೆ ಕರೆದೊಯ್ಯುವವರ ಕೈಯಲ್ಲೂ ನಾಯಿಗೆ ಅಪಾಯವಿದೆ.

ಹೊತ್ತು, ನೆಲ, ಅಳತೆ

ಸದಾಶಿವ ಪೇಠಕ್ಕೆ ಆ ಹೆಸರು ಬಂದದ್ದು 1761ರಲ್ಲಿ ಪಾಣಿಪತ್‌ನಲ್ಲಿ ಮಡಿದ ಸದಾಶಿವರಾವ್ ಭಾವುವಿನಿಂದ. ಪೇಶ್ವೆಗಳ ಕಾಲದ ಪುಣೆಗೆ ಬಿಸಿಲಿನ ಜೊತೆ ಬಾಳುವ ಹದ ಗೊತ್ತಿತ್ತು. ದಪ್ಪ ಗೋಡೆ, ನಡುವೆ ತೆರೆದ ಅಂಗಳ, ಕಾತ್ರಜ್ ಕೆರೆಯಿಂದ ನೆಲದಡಿಯ ಕಾಲುವೆಯಲ್ಲಿ ಹರಿದುಬಂದು ಪೇಠಗಳ ಹೌದಗಳಲ್ಲಿ ನಿಲ್ಲುತ್ತಿದ್ದ ನೀರು. ಈಗ ವಾಡೆಗಳು ವಿರಳ. ಎರಡೂ ಕಡೆ ಕಾಂಕ್ರೀಟ್ ಗೋಡೆ, ನಡುವೆ ಡಾಂಬರು, ಸಾಲುಗಟ್ಟಿದ ಸ್ಕೂಟರುಗಳು. ಇವು ಹಗಲೆಲ್ಲ ಕುಡಿದ ಕಾವನ್ನು ರಾತ್ರಿಯವರೆಗೆ ಉಗುಳುತ್ತವೆ. ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಶಿಮ್ಲಾದಿಂದ ಬಂದದ್ದು ಇದೇ ಊರಿಗೆ. ಶಿವಾಜಿನಗರದ ಆ ಕಟ್ಟಡ ಇಂದಿಗೂ ‘ಶಿಮ್ಲಾ ಆಫೀಸ್’. ಆದರೆ ಹವಾಮಾನದವರ ತಾಪಮಾಪಕ ಇರುವುದು ನೆರಳಿನ ಪೆಟ್ಟಿಗೆಯಲ್ಲಿ, ಮನುಷ್ಯನ ಎದೆಮಟ್ಟದಲ್ಲಿ. ನಾಯಿಯ ಹೊಟ್ಟೆ ಇರುವುದು ಡಾಂಬರಿನಿಂದ ಗೇಣು ಮೊಳದಷ್ಟೇ ಮೇಲೆ. ಫೋನಿನಲ್ಲಿ ಕಾಣುವ ಡಿಗ್ರಿ ಅದರ ಪಾಲಿನ ಡಿಗ್ರಿಯಲ್ಲ.

ಆದ್ದರಿಂದ ಮೊದಲ ಪ್ರಶ್ನೆ ಹೊತ್ತಿನದು. ಪುಣೆಯ ಏಪ್ರಿಲ್ ಎಷ್ಟೇ ಸುಟ್ಟರೂ ಒಣ ಹವೆಯಿಂದಾಗಿ ಬೆಳಗಿನ ಜಾವ ತಂಪಾಗಿರುತ್ತದೆ. ರಾತ್ರಿಯಿಡೀ ತಣಿದ ರಸ್ತೆ, ಖಾಲಿ ಓಣಿ: ಸೂರ್ಯ ಹುಟ್ಟುವ ಆಸುಪಾಸಿನ ಒಂದು ಗಂಟೆ ಬಾಕ್ಸರ್‌ಗೆ ಮೀಸಲಾಗಬೇಕಾದ ಹೊತ್ತು. ಸಂಜೆ ಆರು ಗಂಟೆ ಮನುಷ್ಯನಿಗೆ ಹಿತವಾದರೂ ನೆಲ ಇನ್ನೂ ಆರಿರುವುದಿಲ್ಲ. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಐದಾರು ಸೆಕೆಂಡು ಇಡಲಾಗದಿದ್ದರೆ ಆ ನೆಲದಲ್ಲಿ ನಾಯಿ ನಡೆಯಬಾರದು. ಜೂನ್‌ನಲ್ಲಿ ಮಳೆ ಹಿಡಿದಾಗ ಇನ್ನೊಂದು ಮೋಸವಿದೆ. ತಾಪ ಇಳಿಯುತ್ತದೆ, ಗಾಳಿಯಲ್ಲಿ ತೇವ ಏರುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗದಂತೆಯೇ ಮೂಗಿನ ನೀರೂ ಆವಿಯಾಗದು. ಬಿಸಿಲಿಲ್ಲ ಎಂಬ ಧೈರ್ಯದಲ್ಲಿ ಓಟ ಹೆಚ್ಚಿಸಿದವರು ಏಮಾರುವುದು ಈ ಸೆಕೆಯಲ್ಲಿ.

ಎರಡನೆಯದು ಅಳತೆ. ಒಂದೇ ಉದ್ದ ಸುತ್ತಿಗಿಂತ ಹದಿನೈದು ಇಪ್ಪತ್ತು ನಿಮಿಷದ ಎರಡು ಮೂರು ಸುತ್ತು ಮೇಲು. ಬಾಕ್ಸರ್ ಸಣ್ಣ ಸಣ್ಣ ಜಿಗಿತಗಳ ನಾಯಿ. ಬೈಕಿನ ಪಕ್ಕ ಮೈಲುಗಟ್ಟಲೆ ಓಡಿಸುವುದು ಅದಕ್ಕಲ್ಲ. ಚೆಂಡು ಎಸೆಯುವ ಆಟ ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಅದರಲ್ಲಿ ವಿರಾಮವನ್ನು ನಿರ್ಧರಿಸುವುದು ನಾಯಿಯಲ್ಲ. ನಾಲ್ಕಾರು ಎಸೆತ, ಆಮೇಲೆ ಏದುಸಿರು ಪೂರ್ತಿ ಇಳಿಯುವವರೆಗೆ ನೆರಳು. ಕಂಬ, ಕಟ್ಟೆ, ಗಿಡದ ಬುಡ ಎಂದು ನಿಂತು ನಿಂತು ಮೂಸಿ ನೋಡಲು ಬಿಡುವ ನಿಧಾನದ ನಡಿಗೆಯೂ ವ್ಯಾಯಾಮವೇ. ಓಟದಷ್ಟೇ ಅದು ನಾಯಿಯ ತಲೆಯನ್ನು ದಣಿಸುತ್ತದೆ. ಪರ್ವತಿ ಗುಡ್ಡದ 103 ಮೆಟ್ಟಿಲು ಪುಣೆಯವರ ಪ್ರೀತಿಯ ಮುಂಜಾನೆ ಕಸರತ್ತು. ಅದನ್ನು ಮನುಷ್ಯ ಒಬ್ಬನೇ ಹತ್ತಲಿ, ನಾಯಿಗೆ ಸಮತಟ್ಟು ಸಾಕು. ಗಂಟಲು ಒತ್ತುವ ಕೊರಳಪಟ್ಟಿಯ ಬದಲು ಎದೆಗೆ ತೊಡಿಸುವ ಹಾರ್ನೆಸ್ ಇರಲಿ, ಜೊತೆಗೆ ನೀರಿನ ಬಾಟಲಿ. ಪಕ್ಕೆಲುಬು ಕೈಗೆ ಸಿಗುವಷ್ಟು ಮೈ ಹಗುರವಾಗಿರಲಿ. ಕೊರಳ ಸುತ್ತ ಸೇರಿದ ಪ್ರತಿ ತುಂಡು ಕೊಬ್ಬೂ ಗಾಳಿಯ ದಾರಿಗೆ ಅಡ್ಡ.

ಬಾಕ್ಸರ್‌ನ ವಿಷಯದಲ್ಲಿ ಮೂಗಿನ ಜೊತೆ ಹೃದಯವನ್ನೂ ನೋಡಿಸಬೇಕು. ಈ ತಳಿಯಲ್ಲಿ ವಂಶವಾಹಿಯಾಗಿ ಬರುವ, ಹೃದಯದ ಲಯ ತಪ್ಪಿಸುವ ಕಾಯಿಲೆಯನ್ನು ಅಮೆರಿಕದ ಪಶುವೈದ್ಯ ನೀಲ್ ಹಾರ್ಪ್ಸ್‌ಟರ್ 1983ರಲ್ಲಿ ವಿವರಿಸಿದರು. ಕುಣಿಯುತ್ತಿದ್ದ ನಾಯಿ ಕ್ಷಣಕಾಲ ಕುಸಿದು, ಏನೂ ಆಗದಂತೆ ಎದ್ದುಬಿಡುತ್ತದೆ. ಆಯಾಸವೆಂದು ಬಿಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕಾದ ಲಕ್ಷಣ ಅದು. ಪಗ್ ಮತ್ತು ಬುಲ್‌ಡಾಗ್‌ಗಳಿಗೆ 2019ರಿಂದ ಬ್ರಿಟನ್ನಿನ ಕೆನೆಲ್ ಕ್ಲಬ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯ ಸೇರಿ ಒಂದು ಸರಳ ಪರೀಕ್ಷೆ ನಡೆಸುತ್ತಿವೆ. ವೈದ್ಯರು ಸ್ಟೆತಾಸ್ಕೋಪಿನಿಂದ ಉಸಿರನ್ನು ಆಲಿಸುತ್ತಾರೆ, ನಾಯಿಯನ್ನು ಮೂರು ನಿಮಿಷ ಚುರುಕಾಗಿ ನಡೆಸುತ್ತಾರೆ, ಮತ್ತೆ ಆಲಿಸಿ ಸೊನ್ನೆಯಿಂದ ಮೂರರವರೆಗೆ ದರ್ಜೆ ಕೊಡುತ್ತಾರೆ. ಪ್ರದರ್ಶನದ ಕಟಕಟೆಯಲ್ಲಿ ಯಾರೂ ಕೇಳದಿದ್ದ ಉಸಿರನ್ನು, ಅದೇ ಕೆನೆಲ್ ಕ್ಲಬ್, ಸುಮಾರು ಒಂದೂವರೆ ಶತಮಾನದ ನಂತರ ಕೇಳಿಸಿಕೊಳ್ಳತೊಡಗಿದೆ. ಮರಿ ಕೊಳ್ಳುವವರು ಇದರಿಂದ ಕಲಿಯಬಹುದಾದದ್ದು ಇಷ್ಟು: ಅಗಲ ಹೊಳ್ಳೆಯ, ಉದ್ದ ಮೂತಿಯ, ನಡೆದರೂ ಸದ್ದು ಮಾಡದ ತಾಯ್ತಂದೆಗಳ ಮರಿಯನ್ನೇ ಆರಿಸಿ.

ಎಷ್ಟು ಎಚ್ಚರ ವಹಿಸಿದರೂ ಒಂದು ದಿನ ಅಳತೆ ತಪ್ಪಬಹುದು. ತೇಕುವ ಸದ್ದು ಕರ್ಕಶವಾಗುವುದು, ನಾಲಗೆ ಅಗಲವಾಗಿ ತುದಿ ಮಡಚುವುದು, ಜೊಲ್ಲು ಮಂದವಾಗುವುದು, ನೆರಳು ಕಂಡಲ್ಲಿ ಕೂತುಬಿಡುವುದು ಮೊದಲ ಸೂಚನೆಗಳು. ವಸಡು ಕಡುಗೆಂಪಾದರೆ ಅಥವಾ ನೀಲಿಗಟ್ಟಿದರೆ, ಕಾಲು ತಡವರಿಸಿದರೆ ಒಂದು ನಿಮಿಷವೂ ಕಳೆಯಬಾರದು. ಆಗ ಹಲವರು ಮಾಡುವುದು ನಾಯಿಯನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಧಾವಿಸುವುದು. ಟ್ರಾಫಿಕ್ಕಿನಲ್ಲಿ ಕಳೆಯುವ ಆ ಅರ್ಧ ಗಂಟೆಯಲ್ಲಿ ಕಾವು ಏರುತ್ತಲೇ ಇರುತ್ತದೆ. ಮೊದಲು ತಂಪು ಮಾಡಿ, ಆಮೇಲೆ ಹೊರಡಿ ಎನ್ನುತ್ತಾರೆ ಇಂದಿನ ಪಶುವೈದ್ಯರು. ಹತ್ತಿರದ ನಲ್ಲಿಯಿಂದ ಮೈತುಂಬ ನೀರು ಸುರಿಯಬೇಕು, ಸುರಿಯುತ್ತಲೇ ಗಾಳಿ ಬೀಸಬೇಕು. ಮುಖವನ್ನು ಮಾತ್ರ ನೀರಿನಿಂದ ದೂರವಿಡಬೇಕು. ಒದ್ದೆ ಟವೆಲ್ ಹೊದಿಸಿ ಹಾಗೆಯೇ ಬಿಟ್ಟರೆ ಅದು ಕಾವನ್ನು ಒಳಗೇ ಕೂಡಿಹಾಕುತ್ತದೆ. ಉಸಿರು ಇಳಿದು ನಾಯಿ ಬಾಲ ಆಡಿಸಿದರೂ ಅಂದೇ ವೈದ್ಯರಿಗೆ ತೋರಿಸಬೇಕು. ಒಳಗಿನ ಪೆಟ್ಟು ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುವುದುಂಟು.

ಮರುದಿನ ಬೆಳಗ್ಗೆ ಅದೇ ನಾಯಿ ಬಾಗಿಲ ಬಳಿ ನಿಂತು, ಹಾರ್ನೆಸ್ ಕಂಡು ಕುಣಿಯುತ್ತದೆ. ನಿನ್ನೆಯದು ಅದಕ್ಕೆ ನೆನಪಿರುವುದಿಲ್ಲ. ನೆನಪಿಟ್ಟುಕೊಳ್ಳುವ ಕೆಲಸ ಹಗ್ಗದ ಇನ್ನೊಂದು ತುದಿ ಹಿಡಿದವರದು.